ದೈತ್ಯ ತಳಿಯ ಮರಿಗೆ ಕ್ಯಾಲ್ಸಿಯಂ: ನಾನು ಎಡವಿದ ಲೆಕ್ಕ

ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್ ಮುಂತಾದ ದೈತ್ಯ ನಾಯಿ ತಳಿಗಳ ಪಾಠದಲ್ಲಿ ಸೊಂಟದ ಕೀಲು, ಹೃದಯ ಮತ್ತು ಹೊಟ್ಟೆಯ ತೊಂದರೆಗಳು ಸುಲಭವಾಗಿ ನೆನಪಿನಲ್ಲಿ ಉಳಿದವು. ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ಎರಡು ಸಲ ತಪ್ಪಿದ್ದರಿಂದ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಹಾವೇರಿಯ ನಮ್ಮ ಮನೆಯಲ್ಲಿ ಎಮ್ಮೆ ಈದ ಮೇಲೆ ಕ್ಯಾಲ್ಸಿಯಂ ಔಷಧ ಕುಡಿಸುವುದು ರೂಢಿ. ಹಾಲಿನೊಡನೆ ಕ್ಯಾಲ್ಸಿಯಂ ಕಳೆದುಕೊಳ್ಳುವ ಎಮ್ಮೆಗೆ ಅದು ಬೇಕು. ವೇಗವಾಗಿ ಬೆಳೆಯುವ ನಾಯಿಮರಿಗೂ ಹಾಗೆಯೇ ಕೊಡಬಹುದು, ಹೆಚ್ಚಾದದ್ದು ಮಲದಲ್ಲಿ ಹೋಗುತ್ತದೆ ಎಂದು ನಾನು ಬರೆದುಕೊಂಡಿದ್ದೆ. ಇದು ತಪ್ಪು. ಬೆಳೆದ ನಾಯಿಯ ಕರುಳು ಬೇಕಾದಷ್ಟನ್ನು ಹೀರಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ; ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲವಾದ್ದರಿಂದ ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದಂತೆ ದೇಹಕ್ಕೆ ಸೇರುವುದೂ ಹೆಚ್ಚುತ್ತದೆ. ಆಗ ಮೃದ್ವಸ್ಥಿಯು ಮೂಳೆಯಾಗಿ ಬಲಿಯುವ ಕ್ರಮ ಕೆಟ್ಟು, ಮುಂಗಾಲು ಬಾಗಬಹುದು, ಕೀಲಿನೊಳಗಿನ ಮೃದ್ವಸ್ಥಿ ಸಿಪ್ಪೆಯಂತೆ ಬಿಡಬಹುದು. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಪಶುವೈದ್ಯ ಸಂಶೋಧಕ ಹೇಜೆವಿಂಕೆಲ್ ಅವರ ತಂಡವು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆಯೇ ಪ್ರಯೋಗ ನಡೆಸಿ ಇದನ್ನು ತೋರಿಸಿತು.

ಇನ್ನು ಲೆಕ್ಕ. ಬೆಳೆದಾಗ ಸುಮಾರು 32 ಕೆ.ಜಿ. ಅಥವಾ ಹೆಚ್ಚು ತೂಗುವ ತಳಿಯ ಮರಿಗಳ ಆಹಾರದಲ್ಲಿ, ಒಣಾಂಶದ ಆಧಾರದ ಮೇಲೆ, ಕ್ಯಾಲ್ಸಿಯಂ ಶೇ. 1.2ಕ್ಕಿಂತ ಕಡಿಮೆಯಾಗಬಾರದು, ಶೇ. 1.8 ಮೀರಬಾರದು ಎಂಬುದು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಆಫ್ಕೋದ (AAFCO) ಮಾನದಂಡ. ನಾನು ಎಡವಿದ್ದು ‘ಒಣಾಂಶ’ ಎಂಬ ಪದದಲ್ಲಿ. ಚೀಲದ ಮೇಲೆ ಮುದ್ರಿಸಿದ ಶೇಕಡಾವಾರು ತೇವಾಂಶವನ್ನೂ ಸೇರಿಸಿದ ಲೆಕ್ಕವಾಗಿರುತ್ತದೆ. ಕ್ಯಾಲ್ಸಿಯಂ ಶೇ. 1.35, ತೇವಾಂಶ ಶೇ. 10 ಎಂದಿದ್ದರೆ, 100 ಗ್ರಾಂ ಆಹಾರದಲ್ಲಿ ಒಣಾಂಶ 90 ಗ್ರಾಂ, ಕ್ಯಾಲ್ಸಿಯಂ 1.35 ಗ್ರಾಂ. ನಾನು 1.35ನ್ನು 0.90ರಿಂದ ಗುಣಿಸಿದೆ, ಸುಮಾರು 1.2 ಬಂದು, ಕೆಳಮಿತಿಯ ಹತ್ತಿರವಿದೆ, ಮೇಲಿಷ್ಟು ಪುಡಿ ಸೇರಿಸಬಹುದು ಎನಿಸಿತು. ಭಾಗಿಸಬೇಕಿತ್ತು: 1.35 ÷ 0.90 = 1.5. ಕಬ್ಬಿನ ಹಾಲು ಬತ್ತಿದಂತೆ ಸಿಹಿ ಗಟ್ಟಿಯಾಗುತ್ತದೆಯೇ ಹೊರತು ತೆಳುವಾಗುವುದಿಲ್ಲ. ಉತ್ತರ ಚೀಲದ ಸಂಖ್ಯೆಗಿಂತ ಚಿಕ್ಕದಾಗಿ ಬಂದರೆ ಲೆಕ್ಕ ತಿರುವುಮುರುವಾಗಿದೆ ಎಂದು ಈಗ ತಕ್ಷಣ ಗುರುತಿಸುತ್ತೇನೆ.

ಇದೇ ಆಹಾರವನ್ನು ಮರಿ ದಿನಕ್ಕೆ 500 ಗ್ರಾಂ ತಿಂದರೆ ಕ್ಯಾಲ್ಸಿಯಂ 6.75 ಗ್ರಾಂ. ಅದರ ಮೇಲೆ 5 ಗ್ರಾಂ ಮೊಟ್ಟೆಚಿಪ್ಪಿನ ಪುಡಿ ಹಾಕಿದರೆ, ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ, ಇನ್ನೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಸೇರುತ್ತದೆ. ಒಟ್ಟು 8.75 ಗ್ರಾಂ ಅನ್ನು 455 ಗ್ರಾಂ ಒಣಾಂಶದಿಂದ (ಆಹಾರದ್ದು 450, ಪುಡಿಯದು 5) ಭಾಗಿಸಿದರೆ ಶೇ. 1.92. ಒಂದು ಚಮಚದಷ್ಟು ಪುಡಿ ಮಿತಿಯನ್ನು ದಾಟಿಸಿತು. ರಂಜಕದೊಡನೆ (ಫಾಸ್ಫರಸ್) ಕ್ಯಾಲ್ಸಿಯಂನ ಅನುಪಾತ ಸರಿಯಿದ್ದರೆ ಸಾಕೆಂಬ ಮಾತೂ ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ಅತಿಯಾದರೆ ಹಾನಿ ತಪ್ಪದು.

ರೊಟ್ಟಿ, ಅನ್ನ ಮತ್ತು ಮೂಳೆಯಿಲ್ಲದ ಮಾಂಸದಲ್ಲೇ ಬೆಳೆಯುವ ಮರಿಯದು ಬೇರೆ ಪ್ರಕರಣ. ಅಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ; ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುವುದರಿಂದ ಮೂಳೆ ತೆಳುವಾಗಿ ಮುರಿಯಬಹುದು. ಅಂಥ ಮರಿಗೆ ಕ್ಯಾಲ್ಸಿಯಂ ಬೇಕೇ ಬೇಕು, ಆದರೆ ಪ್ರಮಾಣವನ್ನು ಪಶುವೈದ್ಯರು ನಿರ್ಧರಿಸಬೇಕು.

ಉಳಿದ ಪೂರಕಗಳಲ್ಲಿ, ಕೀಲುನೋವಿರುವ ಬೆಳೆದ ನಾಯಿಗೆ ಮೀನೆಣ್ಣೆಯ ಒಮೆಗಾ-3 ನೆರವಾಗುತ್ತದೆ ಎಂಬುದಕ್ಕೆ, ಕೀಲಿಗೆಂದೇ ಕೊಡುವ ಪೂರಕವಾದ ಗ್ಲುಕೋಸಮೈನ್‌ಗಿಂತ ಗಟ್ಟಿ ಆಧಾರವಿದೆ. ಕಾಡ್ ಮೀನಿನ ಯಕೃತ್ತಿನಿಂದ ತೆಗೆಯುವ ಕಾಡ್ ಲಿವರ್ ಎಣ್ಣೆ ಮಾತ್ರ ಬೇರೆಯದು. ಅದರಲ್ಲಿ ಎ ಮತ್ತು ಡಿ ಜೀವಸತ್ವಗಳು ಹೆಚ್ಚಿರುತ್ತವೆ, ಅತಿಯಾದ ಡಿ ನಾಯಿಗೆ ವಿಷ.

ಹೊಟ್ಟೆ ತಿರುಚಿಕೊಳ್ಳುವ ಕಾಯಿಲೆಯನ್ನು ಯಾವ ಪೂರಕವೂ ತಡೆಯುವುದಿಲ್ಲ. ಗ್ರೇಟ್ ಡೇನ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ, ಸಂತಾನಹರಣದ ಸಮಯದಲ್ಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಯುವ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. ಹಾವೇರಿಯವರು ರಾತ್ರಿ ಹುಬ್ಬಳ್ಳಿಗೆ ಓಡಬೇಕಾದರೂ ಯಾರ ಬಳಿಗೆ ಹೋಗಬೇಕೆಂಬುದನ್ನು ಮರಿ ಮನೆಗೆ ಬಂದ ವಾರದಲ್ಲೇ ವಿಚಾರಿಸಿಟ್ಟುಕೊಂಡಿರಬೇಕು.