ನಿದ್ದೆಯಿಂದೆದ್ದ ರಾಜಕುಮಾರಿಯರು ಮಾತು ಕಲಿತದ್ದು ಯಾವಾಗ?

ಕಳೆದ ಆಗಸ್ಟ್‌ನಲ್ಲಿ, ಮಳೆ ಹೊಳವಾಗದ ಒಂದು ದಿನ, ಮಡಿಕೇರಿಯ ಶಾಲೆಯೊಂದರ ಛದ್ಮವೇಷ ಸ್ಪರ್ಧೆಗೆ ನಮ್ಮಕ್ಕನ ಮಗಳು ಡಿಸ್ನಿಯ 'ಫ್ರೋಜನ್' ಕಾರ್ಟೂನ್ ಚಿತ್ರದಲ್ಲಿ ಮಂತ್ರದಿಂದ ಹಿಮ ಸುರಿಸುವ ಎಲ್ಸಾ ಆಗಿದ್ದಳು. ಮೇಲೆ ಮಿರುಗುವ ನೀಲಿ ಫ್ರಾಕು, ಕೆಳಗೆ ಕಪ್ಪು ಗಂಬೂಟು. ಹಿಮದ ಮಂತ್ರಕ್ಕೆ ನಮ್ಮೂರಿನ ಜಿಗಣೆ ಬಗ್ಗುವುದಿಲ್ಲವಲ್ಲ! ಮೈಕ್ ಹಿಡಿದ ಟೀಚರು "ಬಂದಳು ನೋಡಿ ರಾಜಕುಮಾರಿ" ಎಂದದ್ದೇ ತಡ, "ರಾಜಕುಮಾರಿ ಅಲ್ಲ ಮಿಸ್, ರಾಣಿ" ಎಂದು ತಿದ್ದಿದಳು.

ಆಮೇಲೆ ಕಾಫಿ ಹೀರುತ್ತಾ ಪಾಲಕರ ವಾಗ್ವಾದ. ಇಂಥ ಸಿನಿಮಾ ನೋಡಿ ಹುಡುಗಿಯರು ರಾಜಕುಮಾರನಿಗೆ ಕಾಯುವುದನ್ನೇ ಕಲಿಯುತ್ತಾರೆ ಎಂದು ಕೆಲವರು. ಈಗಿನ ಚಿತ್ರಗಳಲ್ಲಿ ರಾಜಕುಮಾರನಿಗೆ ಕೆಲಸವೇ ಇಲ್ಲ ಎಂದು ಇನ್ನು ಕೆಲವರು. ಎರಡೂ ಅರ್ಧ ನಿಜ.

1937ರ ಸ್ನೋ ವೈಟ್, 1950ರ ಸಿಂಡ್ರೆಲಾ, 1959ರ ಸ್ಲೀಪಿಂಗ್ ಬ್ಯೂಟಿ: ಗುಡಿಸಿದರು, ಹಾಡಿದರು, ಕಾದರು. ಇಬ್ಬರಂತೂ ನಿದ್ದೆಯಲ್ಲೇ ಮುತ್ತು ಪಡೆದರು. ಮುಂದಿನ 30 ವರ್ಷ ರಾಜಕುಮಾರಿಯೇ ನಾಯಕಿಯಾದ ಇಂಥ ಹೊಸ ಕಥೆ ಡಿಸ್ನಿಯಿಂದ ಬರಲೇ ಇಲ್ಲ.

ಗೋಜಲು ಶುರುವಾಗುವುದು 1989ರಿಂದ. 'ದ ಲಿಟಲ್ ಮರ್‌ಮೇಡ್'ನ ಮತ್ಸ್ಯಕನ್ಯೆ ಏರಿಯಲ್‌ಗೆ ಅಪ್ಪನ ಸಮುದ್ರ ಸಾಲದು, 'ಬ್ಯೂಟಿ ಆ್ಯಂಡ್ ದ ಬೀಸ್ಟ್'ನ ಬೆಲ್‌ಗೆ ಪುಸ್ತಕ ಬೇಕು, ಚೀನಾದ ಮುಲಾನ್‌ಗೆ ಯುದ್ಧಭೂಮಿ. ನೋಡಿದವರಿಗೆ ಹೆಣ್ಣು ಎದ್ದು ನಿಂತಳೆಂದೇ ಅನಿಸಿತು. ಆದರೆ ಅಮೆರಿಕದ ಇಬ್ಬರು ಭಾಷಾಶಾಸ್ತ್ರಜ್ಞೆಯರು ಈ ಚಿತ್ರಗಳ ಸಂಭಾಷಣೆಯನ್ನು ಎಣಿಸಿ, 2016ರಲ್ಲಿ ಲೆಕ್ಕ ಮುಂದಿಟ್ಟರು. ನಿದ್ದೆಯ ಸುಂದರಿಯ ಚಿತ್ರದಲ್ಲಿ 71% ಮಾತು ಹೆಂಗಸರದು. ಏರಿಯಲ್ ಚಿತ್ರದಲ್ಲಿ 68% ಗಂಡಸರದು, 'ಅಲ್ಲಾದ್ದೀನ್'ನಲ್ಲಿ 90%. ಮುಲಾನ್ ದೇಶ ಉಳಿಸಿದರೂ 77% ಮಾತು ಗಂಡುಪಾತ್ರಗಳ ಪಾಲು. ಕಾರಣ ಸರಳ. ನಾಯಕಿ ಒಬ್ಬಳೇ, ಅವಳ ಸುತ್ತಲ ಏಡಿ, ಮೇಣದಬತ್ತಿ, ಡ್ರ್ಯಾಗನ್, ಸಿಪಾಯಿಗಳೆಲ್ಲ ಗಂಡು. ಏರಿಯಲ್ ಕಾಲಿಗಾಗಿ ದನಿಯನ್ನೇ ಮಾರಿದ್ದು ಈ ಲೆಕ್ಕದ ಮುಂದೆ ಬೇರೆಯೇ ಅರ್ಥ ಕೊಡುತ್ತದೆ.

ಅದೇ ಕಾಲದ ಇನ್ನೊಂದು ಸಂಗತಿ. 'ಬ್ಯೂಟಿ ಆ್ಯಂಡ್ ದ ಬೀಸ್ಟ್'ಗೆ (1991) ಚಿತ್ರಕಥೆ ಬರೆದ ಲಿಂಡಾ ವುಲ್ವರ್ಟನ್, ಬೆಲ್ ತಾನು ಹೋಗಬೇಕೆಂದಿರುವ ಊರುಗಳಿಗೆ ಭೂಪಟದಲ್ಲಿ ಪಿನ್ನು ಚುಚ್ಚುವ ದೃಶ್ಯ ಬರೆದಿದ್ದರು. ಅದು ಚಿತ್ರ ಬಿಡಿಸುವವರ ಕೈದಾಟಿ ಮರಳಿದಾಗ, ಬೆಲ್ ಅಡುಗೆಮನೆಯಲ್ಲಿ ಕೇಕ್ ಅಲಂಕರಿಸುತ್ತಿದ್ದಳು! ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹುಡುಗಿ ಎಂದೊಡನೆ ಕೈ ತಾನಾಗಿ ಒಲೆಯ ಕಡೆ ಹೋಗಿರಬೇಕು. ಕೊನೆಗೆ, ನಡೆಯುತ್ತಲೇ ಓದುವ ಹುಡುಗಿ ಎಂದು ರಾಜಿಯಾಯಿತು.

2012ರ 'ಬ್ರೇವ್'ನಲ್ಲಿ ಬಿಲ್ಲು ಹಿಡಿದ ಮೆರಿಡಾ ಮದುವೆಯನ್ನೇ ಒಲ್ಲೆನೆಂದಳು. 2013ರ 'ಫ್ರೋಜನ್'ನಲ್ಲಿ ಜೀವ ಉಳಿಸುವುದು ಅಕ್ಕತಂಗಿಯರ ಪ್ರೀತಿ. ಎಲ್ಸಾ ಮೊದಲು ಖಳನಾಯಕಿ ಆಗಬೇಕಿದ್ದವಳು. ಅವಳಿಗೆ ಕಟ್ಟಿದ ಒಂದು ಹಾಡು ಕೇಳಿ ಕಥೆಯನ್ನೇ ತಿರುಗಿಸಿದರು. 2016ರ ಮೊವಾನಾಳಿಗಂತೂ ಜೋಡಿಯೇ ಇಲ್ಲ, ದೋಣಿ ಇದೆ.

ತೆರೆ ಬದಲಾದಷ್ಟು ಬೇಗ ಅಂಗಡಿ ಬದಲಾಗಲಿಲ್ಲ. ಅದೇ 2013ರಲ್ಲಿ ಮೆರಿಡಾಳನ್ನು ಮಾರಾಟದ ರಾಜಕುಮಾರಿಯರ ಸಾಲಿಗೆ ಸೇರಿಸುವಾಗ ಸೊಂಟ ಸಣ್ಣದಾಯಿತು, ಬಿಲ್ಲು ಮಾಯವಾಯಿತು. 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಆಕ್ಷೇಪಿಸಿದರು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಸೀರೆಯುಟ್ಟೇ ತೆಂಗಿನಕಾಯಿಗೆ ಗುರಿಯಿಡುವ ಹೆಂಗಸರನ್ನು ಕಂಡ ನಮಗೆ ಆಯುಧ ಕಿತ್ತುಕೊಳ್ಳುವ ಈ ಆತುರ ವಿಚಿತ್ರವೆನಿಸುತ್ತದೆ.

ಇಲ್ಲಿಯ ಮಕ್ಕಳಿಗೆ ಇಂಥ ನಾಯಕಿ ಹೊಸಬಳೂ ಅಲ್ಲ. ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಕಾವೇರಿ ಅಗಸ್ತ್ಯರ ಕೈಹಿಡಿದಳು. ಅವರು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದಾಗ ಹೊರಬಂದು ಹರಿದಳು. ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ಆ ರಭಸಕ್ಕೆ ಹಿಂದೆ ಸರಿದದ್ದು ಕೊಡಗಿನ ಬಲಮುರಿಯಲ್ಲಿ ಎನ್ನುತ್ತಾರೆ. ಈ ಸಲದ ಸ್ಪರ್ಧೆಗೆ ಅಕ್ಕನ ಮಗಳು ಕಾವೇರಿಯಂತೆ. ನೀಲಿ ಫ್ರಾಕು ಗಿಡ್ಡವಾಗಿದೆ, ಗಂಬೂಟು ಈಗಲೂ ಹಿಡಿಸುತ್ತದೆ. ಕಮಂಡಲ ಬೇಡ ಎಂದು ಅವಳೇ ಹೇಳಿದ್ದಾಳೆ.