ಬೀಜವಿಲ್ಲದ ಹೂವು, ಮೂರು ಕೆಂಪು ಎಳೆ

ಉಗುರುಬೆಚ್ಚಗಿನ ಹಾಲಿಗೆ ನಾಲ್ಕು ಎಳೆ ಕೇಸರಿ ಹಾಕಿ, ಸ್ವಲ್ಪ ಹೊತ್ತು ಸುಮ್ನೆ ನೋಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎಳೆಯ ಪಕ್ಕ ಹಳದಿ ಮೂಡಿ ನಿಧಾನವಾಗಿ ಹರಡುತ್ತದೆ. ಎಳೆ ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಈ ಬಣ್ಣದ ಹೆಸರು ಕ್ರೋಸಿನ್. ಕ್ಯಾರೆಟ್ಟಿನ ಬಣ್ಣಕ್ಕೆ ಇದು ನೆಂಟ. ಆದರೆ ಕ್ಯಾರೆಟ್ಟಿನ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕ್ರೋಸಿನ್‌ಗೆ ಸಕ್ಕರೆಯ ಅಣುಗಳು ಅಂಟಿಕೊಂಡಿರುವುದರಿಂದ ಅದು ಸಲೀಸಾಗಿ ಕರಗುತ್ತದೆ. ಪ್ರಾಚೀನ ಗ್ರೀಕರು ಈ ಬಣ್ಣದಲ್ಲಿ ಬಟ್ಟೆಯನ್ನೂ ಅದ್ದುತ್ತಿದ್ದರು. ಹೋಮರನ ಕಾವ್ಯದಲ್ಲಿ ಬೆಳಗಿನ ದೇವತೆ ಉಡುವುದು ಕೇಸರಿ ಬಣ್ಣದ ಉಡುಗೆಯನ್ನೇ.

ಇಷ್ಟು ಬೆಲೆಬಾಳುವ ಗಿಡಕ್ಕೆ ಬೀಜವೇ ಇಲ್ಲ! ಸಾಮಾನ್ಯವಾಗಿ ಗಿಡಗಳಲ್ಲಿ ವರ್ಣತಂತುಗಳು, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳು, ಜೋಡಿಜೋಡಿಯಾಗಿರುತ್ತವೆ. ಕೇಸರಿಯಲ್ಲಿ ಎಂಟರ ಮೂರು ಗುಂಪು, ಒಟ್ಟು 24. ಬೀಜ ಕಟ್ಟಬೇಕಾದರೆ ಇವು ಎರಡು ಸಮಪಾಲಾಗಬೇಕು. ಮೂರನ್ನು ಸಮನಾಗಿ ಎರಡು ಪಾಲು ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬೀಜ ಕಟ್ಟುವುದಿಲ್ಲ. ಮಣ್ಣಿನೊಳಗಿನ ಗಡ್ಡೆ ಮರಿಗಡ್ಡೆ ಹಾಕುತ್ತದೆ. ಅದನ್ನು ಅಗೆದು, ಬಿಡಿಸಿ, ಬೇರೆ ಕಡೆ ನೆಡಬೇಕು. ಇದರ ಕಾಡು ಮೂಲ ಗ್ರೀಸಿನ ಅಥೆನ್ಸ್ ಸುತ್ತಲಿನ ಅಟಿಕಾ ಪ್ರದೇಶ ಎಂದು 2019ರಲ್ಲಿ ವಂಶವಾಹಿ ಅಧ್ಯಯನಗಳು ತೋರಿಸಿದವು. ಅಲ್ಲಿಂದಾಚೆಗೆ ಇದು ಹೋದಲ್ಲೆಲ್ಲ ಮನುಷ್ಯರೇ ಹೊತ್ತುಕೊಂಡು ಹೋದದ್ದು.

ಆ ಮನುಷ್ಯರ ಕೈಗಳನ್ನು ನೋಡಬೇಕೆಂದರೆ ಏಜಿಯನ್ ಸಮುದ್ರದ ಥೇರಾ ದ್ವೀಪಕ್ಕೆ, ಅಂದರೆ ಇಂದಿನ ಸ್ಯಾಂಟೊರಿನಿಗೆ ಹೋಗಬೇಕು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದು ಅಕ್ರೊಟಿರಿ ಎಂಬ ಊರು ಬೂದಿಯಡಿ ಹೂತುಹೋಯಿತು. 1967ರಲ್ಲಿ ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಅಗೆಯಲು ಶುರು ಮಾಡಿದರು. ಅಲ್ಲಿನ ಒಂದು ಕಟ್ಟಡದ ಗೋಡೆಯ ಮೇಲೆ ಕಲ್ಲುಗುಡ್ಡದ ಚಿತ್ರವಿದೆ. ಗುಡ್ಡದ ತುಂಬ ಹೂವು. ಇಬ್ಬರು ಹುಡುಗಿಯರು ಕಿತ್ತು ಬುಟ್ಟಿಗೆ ಹಾಕುತ್ತಿದ್ದಾರೆ. ಒಬ್ಬಳು ಚಿಕ್ಕವಳು, ಕತ್ತು ಹೊರಳಿಸಿ ಇನ್ನೊಬ್ಬಳ ಕಡೆ ನೋಡುತ್ತಾಳೆ, ಏನೋ ಕೇಳುವವಳ ಹಾಗೆ. ಪಕ್ಕದ ಗೋಡೆಯಲ್ಲಿ ದೇವಿ ಕೂತಿದ್ದಾಳೆ. ಅವಳಿಗೆ ಕೇಸರಿ ಒಪ್ಪಿಸುತ್ತಿರುವುದು ಒಂದು ನೀಲಿ ಕೋತಿ. ನನಗೆ ದೇವಿಗಿಂತ ಆ ಚಿಕ್ಕ ಹುಡುಗಿಯೇ ಜಾಸ್ತಿ ಹತ್ತಿರ.

ಯಾಕೆಂದರೆ ಆ ಕೆಲಸ ಇವತ್ತಿಗೂ ಹಾಗೇ ಇದೆ. ಹೂವು ಅರಳುವುದು ಶರತ್ಕಾಲದಲ್ಲಿ, ಕೆಲವೇ ವಾರ. ಬಿಸಿಲೇರುವ ಮುಂಚೆ ಬಗ್ಗಿ ಕೀಳಬೇಕು. ಒಂದು ಹೂವಿಗೆ ಮೂರೇ ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು 1,50,000 ಹೂವು ಬೇಕು. ಒಣಗಿಸುವ ಹಂತವೂ ಮುಖ್ಯ. ಕಹಿ ಕೊಡುವ ಪಿಕ್ರೊಕ್ರೋಸಿನ್ ಆಗ ಒಡೆದು ಸಫ್ರನಾಲ್ ಆಗುತ್ತದೆ. ನಮಗೆ ಗೊತ್ತಿರುವ ಕೇಸರಿಯ ಘಮ ಅದರದ್ದೇ.

ರೋಮನ್ನರು ಈ ಘಮಕ್ಕೆ ಮರುಳಾಗಿ, ರಂಗಮಂದಿರಗಳಲ್ಲಿ ಕೇಸರಿ ಬೆರೆಸಿದ ದ್ರವ ಚಿಮುಕಿಸುತ್ತಿದ್ದರು. ಇಷ್ಟು ಬೇಡಿಕೆ ಇದ್ದಮೇಲೆ ಕಲಬೆರಕೆ ಬಾರದೆ ಇರುತ್ತದೆಯೇ? ಇದರಷ್ಟು ಕಲಬೆರಕೆ ಆಗುವ ವಸ್ತು ಬೇರೆ ಇಲ್ಲ ಎಂದು 1ನೇ ಶತಮಾನದಲ್ಲೇ ರೋಮನ್ ಲೇಖಕ ಪ್ಲಿನಿ ಬರೆದ. ಪರೀಕ್ಷೆಯನ್ನೂ ಹೇಳಿಕೊಟ್ಟ: ಅಂಗೈಯಲ್ಲಿ ಒತ್ತಿದರೆ ಅಸಲಿ ಕೇಸರಿ ಚಟಚಟ ಎನ್ನಬೇಕು. ತೂಕಕ್ಕೆಂದು ತೇವ ಮಾಡಿದ್ದು ಸದ್ದು ಮಾಡುವುದಿಲ್ಲ. ಪ್ಲಿನಿ ಸತ್ತದ್ದೂ ಒಂದು ಜ್ವಾಲಾಮುಖಿ ಸಿಡಿದಾಗಲೇ, ಕ್ರಿ.ಶ. 79ರಲ್ಲಿ, ಇಟಲಿಯ ವೆಸೂವಿಯಸ್ ಹತ್ತಿರ.

ನಮ್ಮ ಕಡೆ ಇದಕ್ಕೆ ಕುಂಕುಮ ಎಂಬ ಹೆಸರೂ ಇತ್ತು. ಈಗ ನಾವು ಹಣೆಗಿಡುವ ಕುಂಕುಮ ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡುವಂಥದ್ದು. ಹಳೆಯ ಸಂಸ್ಕೃತ ಕವಿಗಳ ಕುಂಕುಮ ಮಾತ್ರ ಈ ಹೂವಿನ ಎಳೆ. ಅಂಥ ಒಬ್ಬ ಕವಿ 11ನೇ ಶತಮಾನದಲ್ಲಿ ಕಾಶ್ಮೀರದಿಂದ ನಮ್ಮ ಕಲ್ಯಾಣಕ್ಕೇ ಬಂದ. ಅವನು ಬಿಲ್ಹಣ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನಕವಿ. ಅವನ ಹುಟ್ಟೂರಿನಲ್ಲಿ ಒಂದು ಕಡೆ ಕೇಸರಿ, ಇನ್ನೊಂದು ಕಡೆ ದ್ರಾಕ್ಷಿ ಬೆಳೆಯುತ್ತಿತ್ತಂತೆ. ರಾಜನ ಕಥೆ ಬರೆಯಲು ಕೂತವನು ಶುರುವಿನಲ್ಲೇ ಊರು ನೆನೆಸಿಕೊಂಡ. ಕವಿತೆಯೂ ಕೇಸರಿಯೂ ಒಡಹುಟ್ಟಿದವು, ಶಾರದೆಯ ನಾಡಾದ ಕಾಶ್ಮೀರ ಬಿಟ್ಟು ಬೇರೆಲ್ಲೂ ಅವು ಮೊಳೆತದ್ದನ್ನು ನಾನು ಕಾಣೆ ಎಂದ. ಅವನ ಊರಿನ ಹೊಲದ ಆ ಗಡ್ಡೆಯೂ ಒಂದು ಕಾಲದಲ್ಲಿ ಗ್ರೀಸಿನ ಗುಡ್ಡದಿಂದ ಕೈಯಿಂದ ಕೈಗೆ ದಾಟಿ ಬಂದದ್ದೇ.