ಬಿಸಿಲಿನ ಲೆಕ್ಕ ಕೇಳುವವರು ರಾತ್ರಿಯ ಲೆಕ್ಕವನ್ನೂ ಕೇಳಿ

ಒಂದು ಮಾಗಿಯಲ್ಲಿ ಎರೆಹೊಲದ ಸೀಮೆಯ ರೈತರೊಬ್ಬರು ಫೋನ್ ಮಾಡಿದ್ದರು. ಕಡಲೆ ಬಿತ್ತಿದ್ದರು. "ಸರ್, ಥಂಡಿನ ಬೀಳವಲ್ದರಿ. ಹಗಲು ಬಿಸಲೇನ ಅಂಥಾದ್ದಿಲ್ಲ. ಆದ್ರ ರಾತ್ರಿ ಚಾದರ ಹೊಚಗೊಳ್ಳೂ ಹಂಗಿಲ್ಲ. ಕಡ್ಲಿ ಗತಿ ಏನ್ರಿ?" ಎಂದರು.

ಕೃಷಿ ಹವಾಮಾನದ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಬೇಸಿಗೆಯ ಮಧ್ಯಾಹ್ನದ ಬಗ್ಗೆ. ಎಷ್ಟು ಡಿಗ್ರಿ ಹೋಯಿತು, ಹಳೆಯ ದಾಖಲೆ ಮುರಿಯಿತಾ, ಇಷ್ಟೇ. ಇವರು ರಾತ್ರಿಯ ಬಗ್ಗೆ ಕೇಳಿದ್ದರು. ಒಂದು ಸೀಮೆ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆಯಾ ಎಂದು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಯೇ ಅದು.

ವಾರ್ಷಿಕ ಸರಾಸರಿ ಉಷ್ಣಾಂಶ ಅನ್ನುವುದು ಎಲ್ಲಿಂದ ಬರುತ್ತದೆ ನೋಡಿ. ಹವಾಮಾನ ಕೇಂದ್ರದ ಅಂಗಳದಲ್ಲಿ ಬಿಳಿ ಬಣ್ಣದ ಒಂದು ಮರದ ಪೆಟ್ಟಿಗೆ ನಿಂತಿರುತ್ತದೆ. ಅದಕ್ಕೆ ಸ್ಟೀವನ್ಸನ್ ಪೆಟ್ಟಿಗೆ ಎನ್ನುತ್ತೇವೆ. ಗಾಳಿ ಆಡಲಿ, ಬಿಸಿಲು ಮಾತ್ರ ಬೀಳದಿರಲಿ ಎಂದು ಸುತ್ತಲೂ ಓರೆಪಟ್ಟಿಗಳು. ಬಾಗಿಲು ಉತ್ತರಕ್ಕೆ. ಒಳಗೆ ಥರ್ಮಾಮೀಟರುಗಳು ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ ಇರುತ್ತವೆ. ಕೆಳಗೆ ಹುಲ್ಲು.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯಬೇಕು. ಕನಿಷ್ಠ ಉಷ್ಣಾಂಶದ ಥರ್ಮಾಮೀಟರಿನಲ್ಲಿ ಪಾದರಸ ಇರುವುದಿಲ್ಲ, ಆಲ್ಕೋಹಾಲ್ ಇರುತ್ತದೆ. ಅದರೊಳಗೆ ಒಂದು ಸಣ್ಣ ಕಡ್ಡಿ. ರಾತ್ರಿ ತಂಪಾಗುತ್ತಾ ಹೋದ ಹಾಗೆ ದ್ರವ ಹಿಂದೆ ಸರಿದು ಕಡ್ಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೆಳಗಾಗಿ ಬಿಸಿ ಏರಿದಾಗ ದ್ರವ ಮುಂದೆ ಬರುತ್ತದೆ, ಕಡ್ಡಿ ಅಲ್ಲೇ ಉಳಿಯುತ್ತದೆ. ಕಡ್ಡಿ ನಿಂತ ಜಾಗವೇ ಆ ರಾತ್ರಿಯ ಅತಿ ಕಡಿಮೆ ಉಷ್ಣಾಂಶ. ನಮ್ಮ ಉಸಿರು ತಾಗಿದರೂ ಅಂಕಿ ಕೆಡಬಹುದು, ಅದಕ್ಕೇ ಬೇಗ ಓದಿ ಬಾಗಿಲು ಮುಚ್ಚುತ್ತೇವೆ. ಸಂಜೆ ಐದೂವರೆಗೆ ಗರಿಷ್ಠದ ಸರದಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಆ ದಿನದ ಸರಾಸರಿ. ಅಂಥ 365 ದಿನ ಸೇರಿದರೆ ಒಂದು ವರ್ಷ.

ಗಮನಿಸಿ, ಆ ಸರಾಸರಿಯಲ್ಲಿ ಅರ್ಧ ಪಾಲು ರಾತ್ರಿಯದು. ಬಿಸಿಲು ಎಂದಿನಷ್ಟೇ ಇದ್ದು, ಬೆಳಗಿನ ಜಾವದ ತಂಪು ಒಂದು ಡಿಗ್ರಿ ಕಳೆದುಹೋದರೂ ಸರಾಸರಿ ಅರ್ಧ ಡಿಗ್ರಿ ಏರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ನಾವು ಆಗ ಮಲಗಿರುತ್ತೇವೆ ಅಲ್ವಾ?

2024ನೇ ಇಸವಿಯನ್ನೇ ತೆಗೆದುಕೊಳ್ಳಿ. 1901ರಿಂದ ಇಟ್ಟ ಲೆಕ್ಕದಲ್ಲಿ ಇಡೀ ದೇಶಕ್ಕೆ ಅದೇ ಅತಿ ಬಿಸಿಯ ವರ್ಷ. ಭಾರತ ಹವಾಮಾನ ಇಲಾಖೆ ಕೊಟ್ಟ ಅಂಕಿಯ ಪ್ರಕಾರ ಸರಾಸರಿ ಉಷ್ಣಾಂಶ ವಾಡಿಕೆಗಿಂತ 0.65 ಡಿಗ್ರಿ ಜಾಸ್ತಿ ಇತ್ತು. ಅದರಲ್ಲಿ ಕನಿಷ್ಠ ಉಷ್ಣಾಂಶ ಮಾತ್ರ ನೋಡಿದರೆ ಏರಿಕೆ 0.90 ಡಿಗ್ರಿ. ಹಗಲಿನದು ಅದರ ಹತ್ತಿರವೂ ಬರಲಿಲ್ಲ. ಅಂದರೆ ಆ ವರ್ಷವನ್ನು ದಾಖಲೆಗೆ ಏರಿಸಿದ್ದು ಹೆಚ್ಚಾಗಿ ರಾತ್ರಿಗಳು. ಎಲ್ಲ ಕಾಲದಲ್ಲೂ ಹೀಗೇ ಅಂತಲ್ಲ. ನೂರಿಪ್ಪತ್ತು ವರ್ಷದ ಪೂರ್ತಿ ಲೆಕ್ಕದಲ್ಲಿ ಹಗಲೇ ರಾತ್ರಿಗಿಂತ ಜಾಸ್ತಿ ಏರಿದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು ಎನ್ನುತ್ತೇನೆ.

ಈಗ 'ವಾಡಿಕೆ' ಎಂಬ ಮಾತಿಗೆ ಬರೋಣ. ಪತ್ರಿಕೆಯಲ್ಲಿ "ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು" ಎಂದು ಓದಿದಾಗ, ಅದು ಅಜ್ಜನ ಕಾಲದ ವಾಡಿಕೆ ಎಂದುಕೊಳ್ಳುತ್ತೇವೆ. ಅಲ್ಲ. ವಾಡಿಕೆ ಎಂದರೆ 30 ವರ್ಷಗಳ ಸರಾಸರಿ. ಈಗ ಬಳಸುತ್ತಿರುವುದು 1991ರಿಂದ 2020ರವರೆಗಿನದು. ಅದಕ್ಕೂ ಮುಂಚೆ 1981ರಿಂದ 2010ರದ್ದು ಇತ್ತು. ಹತ್ತು ವರ್ಷಕ್ಕೊಮ್ಮೆ ಹಳೆಯ ತಂಪಾದ ಹತ್ತು ವರ್ಷ ಬಿಟ್ಟುಹೋಗಿ ಹೊಸ ಬಿಸಿಯಾದ ಹತ್ತು ವರ್ಷ ಸೇರುತ್ತದೆ. ಕಣದಲ್ಲಿ ರಾಶಿ ಅಳೆಯುವಾಗ ಸೇರನ್ನೇ ದೊಡ್ಡದು ಮಾಡಿದರೆ ಏನಾಗುತ್ತದೆ? ಅದೇ ಜೋಳ, ಆದರೆ ಎಣಿಕೆಯಲ್ಲಿ ಕಡಿಮೆ ಸೇರು ಬರುತ್ತದೆ. ಹಾಗೆಯೇ ಇದೂ. ಆ 0.65 ಡಿಗ್ರಿಯನ್ನು ಹಳೆಯ ಸೇರಿನಲ್ಲಿ ಅಳೆದರೆ ಇನ್ನೂ ಜಾಸ್ತಿಯೇ ಆಗುತ್ತದೆ. ಇದರಲ್ಲಿ ಮೋಸ ಏನಿಲ್ಲ, ಜಗತ್ತಿನ ಹೆಚ್ಚಿನ ದೇಶಗಳೂ ಇದೇ ಪದ್ಧತಿ ಅನುಸರಿಸುತ್ತವೆ. ಆದರೆ ಓದುವವರಿಗೆ ಇದು ಗೊತ್ತಿರಬೇಕು.

ಬೆಂಗಳೂರಿನವರು ಒಂದು ಮಾತು ಎತ್ತುತ್ತಾರೆ. "1931ರಲ್ಲೇ 38.9 ಡಿಗ್ರಿ ಹೋಗಿತ್ತಲ್ಲ, ಈಗೇನು ಹೊಸದು?" ನಿಜ, ಆ ವರ್ಷದ ಮೇ ತಿಂಗಳಲ್ಲಿ ಹೋಗಿತ್ತು. ಆ ದಾಖಲೆ ಮುರಿದದ್ದು 2016ರ ಏಪ್ರಿಲ್ 24ರಂದು, 39.2 ಡಿಗ್ರಿಯೊಂದಿಗೆ. ಎಂಬತ್ತೈದು ವರ್ಷಕ್ಕೆ ಬರೀ 0.3 ಡಿಗ್ರಿ. ಇದನ್ನೇ ಹಿಡಿದರೆ ಏನೂ ಆಗಿಲ್ಲ ಎನಿಸುತ್ತದೆ. ಆದರೆ ಒಂದು ದಿನದ ದಾಖಲೆ ಆ ದಿನದ ಗಾಳಿ, ಮೋಡದ ಕಥೆ ಹೇಳುತ್ತದೆ, ಅಷ್ಟೇ. ಹವಾಗುಣದ ಕಥೆ ಇರುವುದು ಸಾವಿರಾರು ಸಾಧಾರಣ ದಿನಗಳಲ್ಲಿ. ಯಾರೂ ನೆನಪಿಟ್ಟುಕೊಳ್ಳದ ನವೆಂಬರಿನ ಒಂದು ಮಂಗಳವಾರದಲ್ಲಿ.

ಅಂಕಿಗಳನ್ನು ನಂಬುವ ಮೊದಲು ಪೆಟ್ಟಿಗೆಯ ಸುತ್ತಮುತ್ತ ನೋಡಬೇಕು. ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ರಾತ್ರಿಯ ಉಷ್ಣಾಂಶ ಒಂದು ವರ್ಷ ಇದ್ದಕ್ಕಿದ್ದಂತೆ ಮೇಲೆ ಕೂತಿತು. ಪಕ್ಕದ ತಾಲ್ಲೂಕುಗಳಲ್ಲಿ ಹಾಗಾಗಿರಲಿಲ್ಲ. ಹೋಗಿ ನೋಡಿದರೆ, ಅಂಗಳ ಚೆನ್ನಾಗಿ ಕಾಣಲಿ ಎಂದು ಪೆಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲಿ ಸಿಮೆಂಟ್ ಹಾಸಿದ್ದರು. ಹಗಲೆಲ್ಲ ಕಾದ ಸಿಮೆಂಟು ರಾತ್ರಿಯಿಡೀ ಬಿಸಿ ಬಿಡುತ್ತಿತ್ತು. ಯಾರದ್ದೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಆ ದಿನ ನನಗಾದ ಸಂಕಟ ಇನ್ನೂ ನೆನಪಿದೆ, ಏಕೆಂದರೆ ಕಳೆದುಹೋದ ರಾತ್ರಿಗಳನ್ನು ಮತ್ತೆ ಅಳೆಯಲಾಗುವುದಿಲ್ಲ. ಇಂಥ ಕಡೆ ನೆರೆಯ ಕೇಂದ್ರಗಳ ಜೊತೆ ಹೋಲಿಸಿ ಸರಿಪಡಿಸುತ್ತೇವೆ. ಬೆಳೆದ ನಗರಗಳಲ್ಲೂ ಇದೇ ತೊಡಕು. ಕಾಂಕ್ರೀಟಿನ ಬಿಸಿ ಎಷ್ಟು, ಹವಾಗುಣದ ಬಿಸಿ ಎಷ್ಟು ಎಂದು ಬಿಡಿಸಬೇಕು. ಬಿಡಿಸಿ ನೋಡಿದ ಮೇಲೂ ಏರಿಕೆ ಉಳಿಯುತ್ತದೆ. 1901ರಿಂದ 2018ರವರೆಗೆ ದೇಶದ ಸರಾಸರಿ ಸುಮಾರು 0.7 ಡಿಗ್ರಿ ಏರಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬರುವ ಅನಿಲಗಳು. ನಮ್ಮ ಹೊಗೆ, ದೂಳು ಒಂದಿಷ್ಟು ಬಿಸಿಲನ್ನು ತಡೆದಿರದಿದ್ದರೆ ಇನ್ನೂ ಏರುತ್ತಿತ್ತು.

ಮುಕ್ಕಾಲು ಡಿಗ್ರಿಯೂ ಇಲ್ಲ, ಇದಕ್ಕೆ ಇಷ್ಟು ಮಾತಾ ಎನ್ನಬೇಡಿ. ಒಂದು ಕಿಲೋಮೀಟರ್ ಬೆಟ್ಟ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಆ ಲೆಕ್ಕದಲ್ಲಿ 0.7 ಡಿಗ್ರಿ ಏರಿಕೆ ಎಂದರೆ ನಿಮ್ಮ ಊರನ್ನು ಹೊಲ, ಕೆರೆ, ತೋಟದ ಸಮೇತ ಎತ್ತಿ ನೂರು ಮೀಟರ್ ಕೆಳಗೆ ಇಟ್ಟ ಹಾಗೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರೇಬಿಕಾ ಮೇಲೆ, ರೊಬಸ್ಟಾ ಕೆಳಗೆ ಎಂದು ಅವರು ಎತ್ತರ ನೋಡಿಯೇ ಗಿಡ ನೆಟ್ಟವರು.

ರಾತ್ರಿ ಯಾಕೆ ಬಿಸಿಯಾಗುತ್ತದೆ ಎನ್ನುವುದೂ ರೈತರಿಗೆ ಗೊತ್ತಿರುವ ಸಂಗತಿಯೇ. ಮೋಡ ಕಟ್ಟಿದ ರಾತ್ರಿ ಚಳಿ ಬೀಳುವುದಿಲ್ಲ. ನಕ್ಷತ್ರ ಕಾಣುವ ರಾತ್ರಿ ಇಬ್ಬನಿ ಬೀಳುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ, ಮೋಡ ಅದನ್ನು ಕಂಬಳಿಯ ಹಾಗೆ ತಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಕಣ್ಣಿಗೆ ಕಾಣದೆ ಅದೇ ಕೆಲಸ ಮಾಡುತ್ತವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಕಂಬಳಿ ಇನ್ನಷ್ಟು ದಪ್ಪವಾಗುತ್ತದೆ.

ಇದರಿಂದ ಬೆಳೆಗೇನು ನಷ್ಟ? ಗಿಡ ಹಗಲು ದುಡಿದು ಸಕ್ಕರೆ ಕೂಡಿಡುತ್ತದೆ, ರಾತ್ರಿ ಉಸಿರಾಡಿ ಒಂದಿಷ್ಟು ಖರ್ಚು ಮಾಡುತ್ತದೆ. ರಾತ್ರಿ ಬಿಸಿಯಾದಷ್ಟೂ ಖರ್ಚು ಜಾಸ್ತಿ. ಕಾಳು ತುಂಬುವ ದಿನಗಳೂ ಕಡಿಮೆಯಾಗುತ್ತವೆ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲದಲ್ಲಿ 1979ರಿಂದ 2003ರವರೆಗೆ ಗರಿಷ್ಠ ಉಷ್ಣಾಂಶ 0.35 ಡಿಗ್ರಿ ಏರಿದರೆ, ಕನಿಷ್ಠ 1.13 ಡಿಗ್ರಿ ಏರಿತ್ತು. ಬೇಸಿಗೆ ಭತ್ತದ ಹಂಗಾಮಿನಲ್ಲಿ ಕನಿಷ್ಠ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಇಳಿಯುತ್ತದೆ ಎಂದು ಅವರು 2004ರಲ್ಲಿ ತೋರಿಸಿಕೊಟ್ಟರು. ಕಡಲೆ ಭತ್ತವಲ್ಲ, ಆ ಅಂಕಿ ಇದಕ್ಕೆ ಹೊಂದುವುದಿಲ್ಲ. ಆದರೆ ಕಡಲೆ ಚಳಿಗಾಲದ ಬೆಳೆ. ಹೂ, ಕಾಯಿ ಹಿಡಿಯುವಾಗ ತಂಪು ಸಿಗದಿದ್ದರೆ ಬೇಗ ಮಾಗಿ, ಕಾಳು ಸಣ್ಣದಾಗುತ್ತದೆ.

ಆ ರೈತರಿಗೆ ಇದನ್ನೇ ಹೇಳಿದೆ. ತಿಂಗಳ ನಂತರ ಅವರ ಊರಿಗೆ ಹೋದಾಗ, ಗರಿಷ್ಠ-ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ತಂದು ಪಡಸಾಲೆಯ ಪಡುವಣ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ಗೋಡೆ ಮುಟ್ಟಿದರೆ ಸಂಜೆ ಏಳಕ್ಕೂ ಬೆಚ್ಚಗಿತ್ತು. ಇಬ್ಬರೂ ಸೇರಿ ಅದನ್ನು ಬಿಚ್ಚಿದೆವು. ಹಿತ್ತಲಲ್ಲಿ ಗೋಡೆಗಳಿಂದ ದೂರ ಒಂದು ಕಂಬ ನೆಟ್ಟು, ಎದೆಯೆತ್ತರಕ್ಕೆ ಕಟ್ಟಿ, ಮೇಲೆ ಹಲಗೆಯ ನೆರಳು ಮಾಡಿ, ಸುತ್ತ ಗಾಳಿ ಆಡುವಂತೆ ಬಿಟ್ಟೆವು. ಮರುದಿನ ಬೆಳಿಗ್ಗೆ ಕಡ್ಡಿ ಗೋಡೆಯ ಲೆಕ್ಕಕ್ಕಿಂತ ಎರಡು ಡಿಗ್ರಿ ಕೆಳಗೆ ನಿಂತಿತ್ತು. ಅವರ ಮನೆಯವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ಆ ತಾರೀಖಿನ ಚೌಕದೊಳಗೆ, ಲೀಟರಿನ ಪಕ್ಕದಲ್ಲೇ ಅದನ್ನೂ ಬರೆದರು.